ಕರೆಂಟ್ ಕೊಡ್ತಾರಂತೆ, ಅಪ್ಪ ತಡ್ಕೋತಾರಾ?

ಹಾವೇರಿ ಜಿಲ್ಲೆಯ ಓದುಗರೊಬ್ಬರ ಕಾಗದ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ‘ಅಪ್ಪನಿಗೆ 61 ವರ್ಷ. ಗಂಟಲಿನ ಕ್ಯಾನ್ಸರ್, ಕುತ್ತಿಗೆಯ ಗಂಟಿಗೂ ಹಬ್ಬಿದೆ. ವಾರಕ್ಕೆ ಐದು ದಿನದಂತೆ 33 ಸಲ ಕರೆಂಟ್ ಕೊಡಬೇಕಂತೆ. ಒಳಗೆಲ್ಲ ಸುಟ್ಟು ಹೋಗುತ್ತೆ, ಮೊಮ್ಮಕ್ಕಳನ್ನು ಹತ್ತಿರ ಬಿಡಬೇಡಿ ಅಂತ ಊರಲ್ಲಿ ಹೇಳುತ್ತಾರೆ. ಬೇರೆ ಕಡೆ ಐದೇ ದಿನದಲ್ಲಿ ಮುಗಿಸುವ ಹೊಸ ಮೆಷಿನ್ ಇದೆಯಂತೆ. ಎರಡು ಎಕರೆ ಮಾರಿ ಅಲ್ಲಿಗೇ ಹೋಗೋಣವೇ?’

ಜಮೀನು ಮಾರಬೇಡಿ. ಉಳಿದ ಮಾತು ಆಮೇಲೆ.

ಕ್ಯಾನ್ಸರಿಗೆ ಕೊಡುವ ರೇಡಿಯೇಷನ್ ಚಿಕಿತ್ಸೆಗೆ ಜನ ಇಟ್ಟ ಹೆಸರು ‘ಕರೆಂಟ್’. ನಿಮ್ಮೂರಿನವರ ಅರ್ಧ ಹೆದರಿಕೆ ಆ ಹೆಸರಿನಿಂದಲೇ ಬಂದದ್ದು. ಮೈಯೊಳಗೆ ಯಾವ ಕರೆಂಟೂ ಹರಿಯುವುದಿಲ್ಲ. ಮೆಷಿನ್ನಿನಿಂದ ಬರುವುದು ಎಕ್ಸ್-ರೇ. ಎದೆಯ ಫೋಟೊ ತೆಗೆಯುವ ಕಿರಣದ ಜಾತಿಯೇ, ಶಕ್ತಿ ಮಾತ್ರ ತುಂಬಾ ಜಾಸ್ತಿ. ಕೊಡುವಾಗ ನೋವಿಲ್ಲ. ಮೆಷಿನ್ ನಿಂತರೆ ಕಿರಣವೂ ನಿಂತಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಮೊಮ್ಮಕ್ಕಳು ಅಜ್ಜನ ತೊಡೆಯ ಮೇಲೆ ಧಾರಾಳವಾಗಿ ಕೂರಲಿ.

33 ಸಲ ಯಾಕೆ? ಕಿರಣ ತಾಗಿದ ಕಡೆ ಒಳ್ಳೆಯ ಜೀವಕೋಶಗಳಿಗೂ ಪೆಟ್ಟು ಬೀಳುತ್ತದೆ. ಆದರೆ ಮಾರನೇ ದಿನದ ಹೊತ್ತಿಗೆ ಅವು ಬಹುಮಟ್ಟಿಗೆ ಸುಧಾರಿಸಿಕೊಳ್ಳುತ್ತವೆ. ಕ್ಯಾನ್ಸರಿನವಕ್ಕೆ ಅಷ್ಟು ಚೆನ್ನಾಗಿ ಆಗುವುದಿಲ್ಲ. ದಿನಕ್ಕಿಷ್ಟು ಅಂತ ಹಂಚುವುದು ಅದಕ್ಕೇ. ಐದು ದಿನದ ಚಿಕಿತ್ಸೆ ಸುಳ್ಳಲ್ಲ. ಶ್ವಾಸಕೋಶದ ಸಣ್ಣ ಗಡ್ಡೆ, ಕೆಲವು ಪ್ರಾಸ್ಟೇಟ್ ಕ್ಯಾನ್ಸರ್, ಇಂಥವಕ್ಕೆ ಅದು ಒಳ್ಳೆಯದೇ. ಗಂಟಲಿನಿಂದ ಗಂಟಿಗೂ ಹಬ್ಬಿದ್ದಕ್ಕೆ ಸಾಮಾನ್ಯವಾಗಿ ಕೊಡುವುದು ಆರೇಳು ವಾರದ ಚಿಕಿತ್ಸೆಯೇ.

ಕರಾರುವಾಕ್ಕಾಗಿ ಗುರಿಯಿಡುವ ಕೆಲಸ ಈ ಆರೇಳು ವಾರದ ಚಿಕಿತ್ಸೆಯಲ್ಲೂ ಇದೆ. ಐಎಂಆರ್‌ಟಿ ಎನ್ನುತ್ತಾರೆ. ಮೆಷಿನ್ನಿನ ಬಾಯಲ್ಲಿ ಟಂಗ್‌ಸ್ಟನ್ನಿನ ತೆಳು ಪಟ್ಟಿಗಳ ಸಾಲು. ಅವು ಹಿಂದೆ ಮುಂದೆ ಸರಿದು ಕಿರಣಕ್ಕೆ ಗಡ್ಡೆಯದೇ ಆಕಾರ ಕೊಡುತ್ತವೆ. ಬೆನ್ನುಹುರಿಗೆ, ಕಿವಿಯ ಮುಂದಿರುವ ಜೊಲ್ಲಿನ ಗ್ರಂಥಿಗೆ ಆದಷ್ಟು ಕಡಿಮೆ ಬೀಳುತ್ತದೆ. ಹಿಂದೆ ಆ ಗ್ರಂಥಿಗಳನ್ನು ಉಳಿಸುವುದು ಕಷ್ಟವಿತ್ತು. ಕಾಯಿಲೆ ವಾಸಿಯಾದ ಮೇಲೂ ತುತ್ತುತುತ್ತಿಗೆ ನೀರು ಕುಡಿದು ರೊಟ್ಟಿ ನುಂಗುವವರನ್ನು ನಾನೇ ನೋಡಿದ್ದೇನೆ.

ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ನಮ್ಮ ಭಾವನಿಗೆ ಇದೇ ಚಿಕಿತ್ಸೆ ಆಯಿತು. ಮೊದಲ ದಿನ ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಎಳೆದು ಹೊದಿಸಿದರು. ಜರಡಿಯಂತೆ ತುಂಬಾ ತೂತು, ಉಸಿರಾಟಕ್ಕೆ ತೊಂದರೆಯಿಲ್ಲ. ಐದಾರು ನಿಮಿಷಕ್ಕೆ ಗಟ್ಟಿಯಾಯಿತು. ಮೂಗು, ಗಲ್ಲ, ಎಲ್ಲ ಅಚ್ಚೊತ್ತಿದ ಹಾಗೆ. ಆ ಮಾಸ್ಕನ್ನು ದಿನಾ ಮೇಜಿಗೆ ಸಿಕ್ಕಿಸುತ್ತಿದ್ದರು, ತಲೆ ಅಲುಗಬಾರದು ಅಂತ. ನಾಲ್ಕನೇ ವಾರ ಅದೇ ಮಾಸ್ಕ್ ಸಡಿಲವಾಯಿತು. ಭಾವ ಏಳು ಕಿಲೋ ಇಳಿದಿದ್ದರು! ಮತ್ತೆ ಸ್ಕ್ಯಾನ್, ಮತ್ತೆ ಹೊಸ ಮಾಸ್ಕ್, ಹೊಸ ಲೆಕ್ಕ. ಮೆಷಿನ್ ಎಷ್ಟೇ ಚುರುಕಾಗಿದ್ದರೂ ಕುತ್ತಿಗೆ ಸೊರಗಿದರೆ ಗುರಿ ತಪ್ಪುತ್ತದೆ ಅಲ್ವಾ?

ಹಾಗಾಗಿ ಅಪ್ಪನ ತೂಕ ಇಳಿಯದಂತೆ ನೋಡಿಕೊಳ್ಳಿ. ಎರಡು ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ, ಕುತ್ತಿಗೆ ಕಪ್ಪಾಗುತ್ತದೆ. ಊರವರ ‘ಸುಡುತ್ತೆ’ ಅನ್ನೋ ಮಾತಿನಲ್ಲಿ ನಿಜ ಇರುವುದು ಇಷ್ಟೇ. ಖಾರ ಬಿಟ್ಟು ಗಂಜಿ, ಮೊಸರನ್ನ, ಮೊಟ್ಟೆ, ರಾಗಿ ಅಂಬಲಿ ಕೊಡಿ. ನುಂಗಲು ಆಗದಿದ್ದರೆ ಮೂಗಿನಲ್ಲಿ ನಳಿಕೆ ಹಾಕುತ್ತಾರೆ. ಬೇಡ ಅನ್ನಬೇಡಿ. ಕೊನೆಯ ವಾರ ಮತ್ತು ಮುಗಿದ ಮೇಲಿನ ಎರಡು ವಾರವೇ ಹೆಚ್ಚು ಕಷ್ಟ. ಆಗ ಬಿಟ್ಟು ಬರುವ ಮನಸ್ಸಾಗುತ್ತದೆ. ಗಂಟಲಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ನಡುವೆ ನಿಲ್ಲಿಸಿದರೆ ಉಳಿದ ಕೋಶಗಳು ಬೇಗ ಬೇಗ ಬೆಳೆಯುತ್ತವೆ. ಹಬ್ಬ, ಮದುವೆ ಅಂತ ಒಂದು ದಿನವೂ ತಪ್ಪಿಸಬೇಡಿ.

ಬೀಡಿ, ಎಲೆಯಡಿಕೆ ಇವತ್ತೇ ನಿಲ್ಲಲಿ. ಆಯುಷ್ಮಾನ್ ಕಾರ್ಡಿನಲ್ಲಿ ರೇಡಿಯೇಷನ್ನಿಗೂ ಪ್ಯಾಕೇಜ್ ಇದೆ, ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿ. ಮಾಸ್ಕ್ ಮಾಡುವ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಉಳಿಸಲಾಗದಷ್ಟು ಹುಳುಕಾದ ಹಲ್ಲಿದ್ದರೆ ಈಗಲೇ ಕೀಳಿಸಬೇಕು. ರೇಡಿಯೇಷನ್ ಆದ ಮೇಲೆ ಕಿತ್ತರೆ ದವಡೆಯ ಮೂಳೆ ಮಾಯುವುದು ಕಷ್ಟ.