ಓದುಗರ ಪ್ರಶ್ನೆ: ಮುಕ್ಕಾದ ಜಪಾನಿ ಕತ್ತಿ, ಕೊಳ್ಳಬಹುದೇ?

ಪ್ರಶ್ನೆ: ಪಕ್ಕದ ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಮನೆಸಾಮಾನು ಮಾರಾಟಕ್ಕಿಟ್ಟಿದ್ದಾರೆ. ಅದರಲ್ಲಿ ಎರಡನೇ ಮಹಾಯುದ್ಧದಿಂದ ತಂದ ಜಪಾನಿ ಕತ್ತಿಯೊಂದಿದೆ. ಅಲಗು 66 ಸೆಂ.ಮೀ. ಅಲ್ಲಲ್ಲಿ ತುಕ್ಕು, ಬಾಯಲ್ಲಿ ಎರಡು ಮುಕ್ಕು, ಮೊನೆ ಚೂರು ಮುರಿದಿದೆ. 900 ಡಾಲರ್ ಹೇಳುತ್ತಿದ್ದಾರೆ. ಕೊಳ್ಳಬಹುದೇ?
– ಓದುಗರು, ನ್ಯೂಜೆರ್ಸಿ

ಉತ್ತರ: ತುಕ್ಕು ನೋಡಿ ಹೆದರಬೇಡಿ, ಹೊಳಪು ನೋಡಿ ಮರುಳಾಗಲೂ ಬೇಡಿ. ಮಾರುವವರ ಒಪ್ಪಿಗೆ ಪಡೆದು ಮೊದಲು ಹಿಡಿ ಬಿಚ್ಚಿ. ಹಿಡಿಗೆ ಅಡ್ಡಲಾಗಿ ಒಂದು ಬಿದಿರಿನ ಬೆಣೆ ಇರುತ್ತದೆ, ಅದೇ ಮೆಕುಗಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಸಣ್ಣ ಕಡೆಯಿಂದ ಮರದ ಕಡ್ಡಿಯಲ್ಲಿ ಒತ್ತಿದರೆ ಹೊರಬರುತ್ತದೆ. ಎಡಗೈಯಲ್ಲಿ ಹಿಡಿಯನ್ನು ನೆಟ್ಟಗೆ ಹಿಡಿದು, ಬಲಗೈ ಮುಷ್ಟಿಯಿಂದ ಎಡಗೈ ಮಣಿಕಟ್ಟಿಗೆ ಮೆಲ್ಲಗೆ ಗುದ್ದಿದರೆ ಅಲಗು ಸಡಿಲಾಗುತ್ತದೆ. ಬಿಗಿಯಾಗಿದ್ದರೆ ಜಗ್ಗಾಡಬೇಡಿ, ಬಿಟ್ಟುಬಿಡಿ.

ಹಿಡಿಯೊಳಗೆ ಕೂರುವ ಕಬ್ಬಿಣದ ಬಾಲಕ್ಕೆ ನಕಾಗೊ ಎನ್ನುತ್ತಾರೆ. ಕತ್ತಿಯ ವಯಸ್ಸು ಗೊತ್ತಾಗುವುದೇ ಇಲ್ಲಿ. ಅದರ ತುಕ್ಕು ಕಡುಗಂದು ಅಥವಾ ಕಪ್ಪಾಗಿ ಒಂದೇ ಸಮನಾಗಿದ್ದರೆ ಒಳ್ಳೆಯ ಲಕ್ಷಣ. ಯಾರೋ ಉಜ್ಜಿ ಬೆಳ್ಳಗೆ ಮಾಡಿದ್ದರೆ ಅರ್ಧ ಬೆಲೆ ಅಲ್ಲೇ ಹೋಯಿತು. ಅಲಗಿನ ಬುಡದ ಹತ್ತಿರ ಬಾಲದ ಮೇಲೆ ಸಣ್ಣ ಗುಂಡು ಮುದ್ರೆ ಒತ್ತಿದ್ದರೆ ಅದು ಬಹುಪಾಲು ಯುದ್ಧಕಾಲದಲ್ಲಿ ಎಣ್ಣೆಯಲ್ಲಿ ಅದ್ದಿ ಹದ ಹಾಕಿದ ಶೋವಾತೊ. ಯುದ್ಧದ ನೆನಪಿನ ವಸ್ತುವಾಗಿ ಅದಕ್ಕೆ ಬೆಲೆಯುಂಟು, ಆದರೆ ಸಾಣೆಗೆ ದುಡ್ಡು ಸುರಿಯುವಷ್ಟಿಲ್ಲ. ನಕ್ಷತ್ರದ ಮುದ್ರೆ ಇದ್ದರೆ ಮಾತು ಬೇರೆ. ಅದು ಸೈನ್ಯದ ಮಾನ್ಯತೆ ಪಡೆದ ಕಮ್ಮಾರರ ಕೈಕೆಲಸ. ಒರೆ, ಹಿಡಿ ಸೈನ್ಯದ್ದಾಗಿದೆ ಎಂದು ಅಲಗನ್ನು ತಳ್ಳಿಹಾಕಬೇಡಿ. ಎಷ್ಟೋ ಅಧಿಕಾರಿಗಳು ಮನೆತನದ ಹಳೆಯ ಅಲಗಿಗೇ ಸೈನ್ಯದ ಹಿಡಿ ಹಾಕಿಸಿಕೊಂಡು ಹೋಗಿದ್ದರು.

ಇನ್ನು ಬಾಯಿ. ಹದವಾದ ಗಟ್ಟಿ ಉಕ್ಕು ಬಾಯಿಯುದ್ದಕ್ಕೂ ಬಿಳಿ ಅಂಚಿನಂತೆ ಕಾಣುತ್ತದೆ, ಅದೇ ಹಾಮೊನ್. ಬೆತ್ತಲೆ ಬಲ್ಬಿನ ಕಡೆ ಮೊನೆ ತಿರುಗಿಸಿ, ಅಲಗನ್ನು ನಿಧಾನಕ್ಕೆ ಓರೆ ಮಾಡಿದರೆ ತುಕ್ಕಿನ ನಡುವೆಯೂ ತುಣುಕು ತುಣುಕಾಗಿ ಕಾಣಬೇಕು. ಮುಕ್ಕನ್ನು ಯಾರೂ ತುಂಬಿಕೊಡುವುದಿಲ್ಲ. ಸುತ್ತಲಿನ ಉಕ್ಕನ್ನೆಲ್ಲ ಮುಕ್ಕಿನ ತಳದವರೆಗೆ ಸವೆಸಬೇಕು. ಆದ್ದರಿಂದ ಮುಕ್ಕಿನ ಆಳವನ್ನು ಹಾಮೊನ್ ಅಗಲದ ಜೊತೆ ಹೋಲಿಸಿ. 8 ಮಿ.ಮೀ. ಅಗಲದ ಹಾಮೊನ್‌ನಲ್ಲಿ ಒಂದೂವರೆ ಮಿ.ಮೀ. ಮುಕ್ಕು ತಡೆದೀತು. 5 ಮಿ.ಮೀ. ಅಗಲದಲ್ಲಿ 4 ಮಿ.ಮೀ. ಮುಕ್ಕಿದ್ದರೆ ಸಾಣೆಯ ಬಳಿಕ ಗಟ್ಟಿ ಉಕ್ಕೇ ಉಳಿಯುವುದಿಲ್ಲ.

ಮೊನೆಯೊಳಗೆ ಇದೇ ಹಾಮೊನ್ ಬೆನ್ನಿನ ಕಡೆಗೆ ತಿರುಗಿ ಹಿಂದಕ್ಕೆ ಬರುತ್ತದೆ. ಆ ತಿರುವು ಉಳಿದಿದ್ದರೆ ಎರಡು ಮೂರು ಮಿ.ಮೀ. ಮುರಿದ ಮೊನೆಯನ್ನು ಸರಿಮಾಡಬಹುದು. ತಿರುಗದೆ ಸೀದಾ ಅಂಚಿಗೆ ಹೋಗಿ ನಿಂತಿದ್ದರೆ ಮೊನೆಯ ಕಥೆ ಮುಗಿದಂತೆ.

ಎಲ್ಲಕ್ಕಿಂತ ಕೆಟ್ಟದ್ದು ‘ಹಾಗಿರೆ’ ಎಂಬ ದೋಷ: ಬಾಯಿಂದ ಒಳಕ್ಕೆ ಅಡ್ಡಲಾಗಿ ಹೋಗುವ ಕೂದಲೆಳೆಯಂಥ ಬಿರುಕು. ಚಿನಿವಾರರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಇಡೀ ಬಾಯನ್ನು ಎರಡೂ ಬದಿಯಿಂದ ನೋಡಿ. ಮುಕ್ಕುಗಳ ತಳದಲ್ಲಿ, ಅಲಗು ಬಾಗಿದ ಕಡೆ ಇನ್ನೂ ಹೆಚ್ಚು ಹೊತ್ತು ನೋಡಿ. ಸಾಣೆಯಿಂದ ಅದು ಹೋಗದು, ಪೆಟ್ಟು ಬಿದ್ದರೆ ಅಲಗು ಅಲ್ಲೇ ತುಂಡಾಗುತ್ತದೆ. ಕಂಡರೆ ವಾಪಸ್ ಕೊಟ್ಟು ಬನ್ನಿ.

ಕೊನೆಗೆ ಲೆಕ್ಕ. ಸಾಣೆಗೆ ಇಂಚಿಗೆ 100 ಡಾಲರ್ ಎಂದು ಹಿಡಿದರೂ ನಿಮ್ಮ 26 ಇಂಚಿಗೆ 2,600. ಹೊಸ ಮರದ ಒರೆ, ಬುಡದ ತಾಮ್ರದ ಪಟ್ಟಿ ಅದರ ಮೇಲೆ. ಇದನ್ನೆಲ್ಲ 900ಕ್ಕೆ ಕೂಡಿಸಿ, ಅದೇ ದುಡ್ಡಿಗೆ ಸಾಣೆಯಾಗಿ ಪ್ರಮಾಣಪತ್ರವಿರುವ ಕತ್ತಿ ಸಿಗುತ್ತದೆಯೇ ವಿಚಾರಿಸಿ. ಎಷ್ಟೋ ಸಲ ಸಿಗುತ್ತದೆ. ಬಿರುಕಿಲ್ಲದೆ, ಮೊನೆಯ ತಿರುವು ಉಳಿದು, ಬಾಲ ಹಳೆಯದಾಗಿದ್ದರೆ ಮಾತ್ರ ಚೌಕಾಸಿಗಿಳಿಯಿರಿ. ಕೊಂಡ ಮೇಲೆ ಮರಳುಕಾಗದ, ಹುಣಸೆಹುಳಿ, ವಿನೆಗರ್ ಯಾವುದೂ ಬೇಡ. ತೆಳ್ಳಗೆ ಎಣ್ಣೆ ಸವರಿ ಇಡಿ, ಸಾಕು.

ಪ್ರಶ್ನೆ: ಇಲ್ಲಿನ ಅಂಗಡಿಯವರು ಕತ್ತಿಯ ಜೊತೆ ತೊರೊಕುಶೊ ಎಂಬ ಚೀಟಿ ಕೊಡುತ್ತಾರಂತೆ. ಬಾಲದ ಮೇಲೆ ದೊಡ್ಡ ಕಮ್ಮಾರನ ಹೆಸರಿದೆ. ಅಸಲಿ ಎನ್ನಲು ಇಷ್ಟು ಸಾಲದೇ? ಬೆಂಗಳೂರಿಗೆ ತರಬಹುದೇ?
– ಓದುಗರು, ಟೋಕಿಯೊ

ಉತ್ತರ: ಸಾಲದು. ತೊರೊಕುಶೊ ಬರೀ ನೋಂದಣಿ ಚೀಟಿ. ಉದ್ದ, ಬಾಗು, ಬೆಣೆತೂತುಗಳ ಸಂಖ್ಯೆ, ಕೊರೆದ ಹೆಸರು ಇವನ್ನು ಕಂಡಂತೆ ಬರೆದಿರುತ್ತಾರೆ. ಹೆಸರು ನಿಜವೋ ಸುಳ್ಳೋ ಎಂದು ಅದು ಹೇಳುವುದಿಲ್ಲ. ಸುಳ್ಳು ಹೆಸರು ಕೊರೆಯುವ ಚಾಳಿ ಶತಮಾನಗಳಷ್ಟು ಹಳೆಯದು. ಮಸಾಮುನೆ ಎಂದಿದ್ದರಂತೂ ಹಿಗ್ಗಬೇಡಿ, ಆತ ಹೆಸರು ಕೊರೆದ ಕತ್ತಿಗಳೇ ಬೆರಳೆಣಿಕೆಯಷ್ಟು. ಅಸಲಿತನಕ್ಕೆ ಜಪಾನಿ ಕತ್ತಿಗಳನ್ನು ಪರೀಕ್ಷಿಸಿ ಪತ್ರ ಕೊಡುವ ಎನ್‌ಬಿಟಿಎಚ್‌ಕೆ ಸಂಸ್ಥೆಯ ಹೊಜೊನ್ ಅಥವಾ ಅದಕ್ಕಿಂತ ಮೇಲಿನ ಪತ್ರ ಕೇಳಿ. ಚೀಟಿಯ ಅಳತೆಯೂ ತೂತಿನ ಲೆಕ್ಕವೂ ಕೈಯಲ್ಲಿರುವ ಕತ್ತಿಗೆ ಹೊಂದುತ್ತವೆಯೇ ನೋಡಿ. ಕೊಂಡ 20 ದಿನದೊಳಗೆ, ಚೀಟಿ ಕೊಟ್ಟ ಪ್ರಾಂತ್ಯದ ಶಿಕ್ಷಣ ಮಂಡಳಿಗೆ ಮಾಲೀಕ ಬದಲಾದದ್ದನ್ನು ತಿಳಿಸಬೇಕು. ಜಪಾನಿನಿಂದ ಹೊರಗೊಯ್ಯಲು ಅಲ್ಲಿನ ಸಂಸ್ಕೃತಿ ಇಲಾಖೆಯ ಪತ್ರ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಕತ್ತಿಗೂ ಅನ್ವಯಿಸುತ್ತದೆ. ಮುಂಗಡ ಕೊಡುವ ಮೊದಲೇ ಕಸ್ಟಮ್ಸ್ ಮತ್ತು ಪೊಲೀಸರಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಪ್ರಶ್ನೆ: ಅಲಗಿನ ಮೈಮೇಲೆ ಬೊಬ್ಬೆಯಂತೆ ಉಬ್ಬು, ಪಕ್ಕದಲ್ಲೊಂದು ಸೀಳುಗೆರೆ. ಇದೂ ಬಿರುಕೇ?
– ಓದುಗರು, ಮೈಸೂರು

ಉತ್ತರ: ಅಲ್ಲ. ಉಕ್ಕನ್ನು ಮಡಿಸಿ ಬಡಿಯುವಾಗ ಪದರಗಳು ಪೂರ್ತಿ ಬೆಸೆಯದೆ ಉಳಿದ ಜಾಗ ಅದು. ಉಬ್ಬಿಗೆ ಫುಕುರೆ, ಸೀಳಿಗೆ ವಾರೆ ಎನ್ನುತ್ತಾರೆ. ಸೀಳು ಅಲಗಿನ ಉದ್ದಕ್ಕೆ ಸಾಗಿದ್ದರೆ ಬೆಲೆ ಇಳಿಯುತ್ತದೆ, ಕತ್ತಿ ಕೆಡುವುದಿಲ್ಲ. 1596ಕ್ಕಿಂತ ಹಿಂದಿನ ಕತ್ತಿಗಳಲ್ಲಿ ಇದನ್ನು ಒಂದಿಷ್ಟು ಮನ್ನಿಸುತ್ತಾರೆ, ಹೊಸ ಕಾಲದವುಗಳಲ್ಲಿ ಕಡಿಮೆ. ಉಬ್ಬನ್ನು ಉಗುರಿನಿಂದ ಕೆದಕಬೇಡಿ, ಬಾಯ್ತೆರೆದರೆ ಮತ್ತೆ ಮುಚ್ಚದು.