ಮರಳಿ ಬರುವ ಧಾಟಿ ಬೇಸರ ತರಿಸದಿರುವುದು ಹೇಗೆ?

‘ಗೇಮ್ ಆಫ್ ಥ್ರೋನ್ಸ್’ ಎಂಬ ಟಿವಿ ಸರಣಿಯ ಎಂಟು ಸೀಸನ್‌ಗಳಲ್ಲಿ ಸಂಗೀತದ ಅವೇ ಧಾಟಿಗಳು ಮರಳಿ ಬಂದರೂ ಬೇಸರವಾಗುವುದಿಲ್ಲವೇಕೆ, ದಾವಣಗೆರೆಯ ನಿಮ್ಮ ಹವ್ಯಾಸಿ ತಂಡದ ನಾಟಕಕ್ಕೂ ಈ ಪದ್ಧತಿ ಹೊಂದೀತೇ ಎಂದು ಕೇಳಿದ್ದೀರಿ.

ಸಂಗೀತ ನಿರ್ದೇಶಕ ರಮಿನ್ ಜವಾದಿಯವರು ಧಾಟಿಯನ್ನು ಉಳಿಸಿಕೊಂಡು ವಾದ್ಯವನ್ನೂ ಗತಿಯನ್ನೂ ಸಂದರ್ಭವನ್ನೂ ಬದಲಿಸುತ್ತಾರೆ. ಕಥೆಯ ಬಲಿಷ್ಠ ಮನೆತನವಾದ ಲ್ಯಾನಿಸ್ಟರರ ಹಾಡನ್ನೇ ಗಮನಿಸಿ. ಎರಡನೆಯ ಸೀಸನ್ನಿನ ಆರಂಭದಲ್ಲಿ ಆ ಮನೆತನದ ಟಿರಿಯನ್ ಅದನ್ನು ಸುಮ್ಮನೆ ಸಿಳ್ಳೆ ಹಾಕುತ್ತಾನೆ. ಮೂರನೆಯ ಸೀಸನ್ನಿನ ಒಂಬತ್ತನೆಯ ಕಂತಿನ ಮದುವೆ ಊಟದಲ್ಲಿ (ನೀವು ಅದನ್ನು ನೋಡಿದ್ದೀರೆಂದು ಭಾವಿಸಿದ್ದೇನೆ) ಬಾಗಿಲು ಮುಚ್ಚಿದ ಮೇಲೆ ವಾದ್ಯದವರು ಅದೇ ಧಾಟಿಯನ್ನು ನುಡಿಸತೊಡಗಿದಾಗ, ಕತ್ತಿ ಹೊರಬರುವ ಮೊದಲೇ ಲ್ಯಾನಿಸ್ಟರರ ವೈರಿ ಮನೆತನದ ಕ್ಯಾಟ್ಲಿನ್‌ಗೂ, ಹಾಡನ್ನು ನೆನಪಿಟ್ಟುಕೊಂಡ ಪ್ರೇಕ್ಷಕನಿಗೂ ದ್ರೋಹದ ಸುಳಿವು ಸಿಕ್ಕಿಬಿಡುತ್ತದೆ. ಇದಕ್ಕೆ ತದ್ವಿರುದ್ಧವಾದ ಉಪಾಯವೂ ಅಲ್ಲಿದೆ: ಆರನೆಯ ಸೀಸನ್ನಿನ ಕೊನೆಯ ಕಂತು ಪಿಯಾನೋದಿಂದ ಆರಂಭವಾಗುತ್ತದೆ, ಅಲ್ಲಿಯವರೆಗೆ ಆ ವಾದ್ಯವನ್ನು ಬಳಸದೇ ಇದ್ದುದರಿಂದ ಅದರ ಅಪರಿಚಿತ ದನಿಯೇ ಆತಂಕ ಹುಟ್ಟಿಸುತ್ತದೆ.

ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ಪ್ರಧಾನವಾದ ಶೀರ್ಷಿಕೆ ಸಂಗೀತದ ಮುಖ್ಯ ಕೆಲಸ ಸರಳ: ಅದು ನಮ್ಮನ್ನು ಆ ಲೋಕದೊಳಕ್ಕೆ ಕರೆಯುತ್ತದೆ.

ಎರಡು ಗಂಟೆಯ ನಾಟಕದಲ್ಲಿ ಪ್ರತಿ ಪಾತ್ರಕ್ಕೂ ಒಂದೊಂದು ಧಾಟಿ ಕೊಟ್ಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲದು. ನನ್ನ ಮಟ್ಟಿಗೆ ಎರಡೇ ಸಾಕು. ಕಂಪನಿ ನಾಟಕಗಳ ರೂಢಿ ಬಲ್ಲ ಹಾರ್ಮೋನಿಯಂ ಮಾಸ್ತರರು ನಿಮ್ಮಲ್ಲಿದ್ದರೆ, ಖಳನ ಧಾಟಿಯನ್ನು ಮೊದಲ ದೃಶ್ಯದಲ್ಲಿ ಜೋಗುಳದಂತೆ ನಿಧಾನವಾಗಿ ನುಡಿಸಲು ಹೇಳಿ, ನಡುವೆ ಬಹಳ ಹೊತ್ತು ಅದನ್ನು ಮುಟ್ಟದೆ, ಕೊಲೆಯ ದೃಶ್ಯಕ್ಕೆ ಸ್ವಲ್ಪ ಮುಂಚೆ ಕೆಳಗಿನ ಸಪ್ತಕದಲ್ಲಿ ಮರಳಿ ತರಿಸಿ.