ಯಾವ ರಾಜ ಕಟ್ಟಿಸಿದ್ದು?

ಚಳ್ಳಕೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ತಾತ ತಾನೇ ಮಣ್ಣು ತುಳಿದು ಕಟ್ಟಿದ ಎಂಟು ಅಂಕಣದ (ಕಂಬಗಳ ನಡುವಿನ ಒಂದೊಂದು ಜಾಗ ಒಂದು ಅಂಕಣ) ಮಾಳಿಗೆ ಮನೆ ಇದೆ. ಜೊತೆಗೆ ಕೊಟ್ಟಿಗೆ, ಕಣ, ಹಗೇವು (ಕಾಳು ತುಂಬಿಡುವ ನೆಲದಡಿಯ ಗುಂಡಿ), ಬಾವಿ. ಅಣ್ಣತಮ್ಮಂದಿರು ಕೆಡವಿ ಭಾಗ ಮಾಡಿಕೊಳ್ಳೋಣ ಅಂತಿದ್ದಾರೆ. ಒಂದು ಕಚೇರಿಯಲ್ಲಿ ವಿಚಾರಿಸಿದೆ. ಯಾವ ರಾಜ ಕಟ್ಟಿಸಿದ್ದು, ಶಾಸನ ಇದೆಯಾ ಅಂತ ಕೇಳಿ ನಕ್ಕರು. ಇದಕ್ಕೆ ಬೆಲೆ ಇದೆಯಾ, ಇಲ್ಲ ನನ್ನ ಹುಚ್ಚಾ?’

ಸಂಪಾದಕರ ಉತ್ತರ:

ಹುಚ್ಚಲ್ಲ. ಆದರೆ ನೀವು ಹೋದ ಬಾಗಿಲು ಸರಿಯಿಲ್ಲ. ಸ್ಮಾರಕಗಳ ಕೇಂದ್ರ ಕಾಯ್ದೆ 1958ರದು. ಅದು ಕನಿಷ್ಠ 100 ವರ್ಷ ಹಳೆಯದನ್ನು ಮಾತ್ರ ನೋಡುತ್ತದೆ. ನಮ್ಮ ಚಿತ್ರದುರ್ಗದ ಕೋಟೆಗೆ ಸರಿ. 2010ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ನಿಮ್ಮ ಮನೆಗೆ ಆ ಪಟ್ಟ ಸಿಕ್ಕಿದರೆ ಇಡೀ ಕೇರಿಯವರು ನಿಮ್ಮ ಜೊತೆ ಮಾತು ಬಿಡುತ್ತಾರೆ!

ರಾಜ ಕಟ್ಟಿಸಿಲ್ಲ ಅನ್ನೋದೇ ನಿಮ್ಮ ಮನೆಯ ಹೆಚ್ಚುಗಾರಿಕೆ. ಇಕೊಮಾಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1999ರಲ್ಲಿ ಜನ ತಾವೇ ಕಟ್ಟಿಕೊಂಡ ಮನೆಗಳಿಗಾಗಿಯೇ ಒಂದು ಸನ್ನದು ತಂದಿತು. ಬಾಯಿಂದ ಬಾಯಿಗೆ ಬಂದ ಕಟ್ಟುವ ವಿದ್ಯೆಯೂ ಪರಂಪರೆಯೇ ಅಂತ ಅದು ಒಪ್ಪುತ್ತದೆ.

ಆ ವಿದ್ಯೆ ನೋಡಬೇಕಾ? ಮಾಳಿಗೆ ಹತ್ತಿ. ತೊಲೆ, ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು, ಮೇಲೆ ದಪ್ಪಗೆ ಮಣ್ಣು. ಅದು ಯಾವುದೋ ಮಣ್ಣಲ್ಲ, ಕರಲು ಮಣ್ಣು. ಬೆಳೆಗೆ ಬಾರದ ಉಪ್ಪಿನ ಮಣ್ಣು. ಅದರ ಸೋಡಿಯಂ ಅಂಶದಿಂದಾಗಿ ನೆನೆದ ಕೂಡಲೇ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ನೀರು ಕೆಳಗೆ ಇಳಿಯೋದಿಲ್ಲ. ಹೊಲಕ್ಕೆ ಶಾಪವಾದದ್ದು ಮನೆಗೆ ಕೊಡೆ! ಮಳೆ ಕಡಿಮೆಯ ನಿಮ್ಮ ಸೀಮೆಗೆ ಸರಿ, ಇದೇ ಸೂರು ಮಲೆನಾಡಲ್ಲಿ ನಿಲ್ಲೋದಿಲ್ಲ. ನಿಮ್ಮ ತಾತ ರಸಾಯನಶಾಸ್ತ್ರ ಓದಿರಲಿಲ್ಲ, ಆದರೆ ಎಲ್ಲಿಯ ಮಣ್ಣು ತರಬೇಕು ಅಂತ ಗೊತ್ತಿತ್ತು.

ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ‘ಮುಂಬಾಗಿಲು, ಕಂಬ ಉಳಿಸಿಕೊಂಡು ಮಿಕ್ಕಿದ್ದು ಕೆಡವಿದರೆ ಹೇಗೆ’ ಅಂತಲೂ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಅದೇ ಆಗಿದ್ದು. ಬೋದಿಗೆ ಕಂಬಗಳನ್ನು (ತಲೆಯ ಮೇಲೆ ತೊಲೆ ಹೊರುವ ದಿಮ್ಮಿ ಇರುವ ಕಂಬಗಳು) ಒಬ್ಬ ವ್ಯಾಪಾರಿಗೆ ಕೊಟ್ಟೆವು. ಈಗ ಯಾವ ಹೋಟೆಲಿನಲ್ಲಿ ನಿಂತಿವೆಯೋ. ಬಾಗಿಲು ನಮ್ಮ ಹಾಲ್‌ನಲ್ಲಿ ಗೋಡೆಗೆ ಒರಗಿದೆ. ಆ ಬಾಗಿಲು ಅಷ್ಟು ಅಗಲ ಯಾಕೆ ಅಂತ ಮಗಳು ಕೇಳಿದಳು. ಎತ್ತಿನ ಜೋಡಿ ಅದರಲ್ಲೇ ಒಳಗೆ ಬರುತ್ತಿದ್ದವು ಅಂದೆ. ನಂಬಲಿಲ್ಲ. ಕೊಟ್ಟಿಗೆ ಇಲ್ಲದ ಮೇಲೆ ಬಾಗಿಲು ಬರೀ ಹಲಗೆ. ಹಾಗೇ ಕಣ ಇಲ್ಲದೆ ಹಗೇವು ಬರೀ ಗುಂಡಿ. ಕಣದಲ್ಲಿ ತೂರಿದ ಕಾಳು ಪಕ್ಕದ ಹಗೇವಿಗೆ, ಹೊಟ್ಟು ಕೊಟ್ಟಿಗೆಗೆ, ಸಗಣಿ ತಿಪ್ಪೆಗೆ. ಈ ನಡಿಗೆ ಒಟ್ಟಿಗೆ ಇದ್ದಾಗಲೇ ಅದಕ್ಕೆ ಬೆಲೆ.

ಭಾಗ ಆಗೋದು ಆಗಲಿ, ತಪ್ಪಿಸೋಕೆ ನಾನ್ಯಾರು? ಅದಕ್ಕೆ ಮುಂಚೆ ಟೇಪ್ ಹಿಡಿದು ಎಲ್ಲ ಅಳೆದು ನಕ್ಷೆ ಬರೆಯಿರಿ. ಮನೆಯ ಹಿರಿಯರನ್ನು ಕೂರಿಸಿ, ಕರಲು ಮಣ್ಣು ಎಲ್ಲಿಂದ ಬಂತು, ತೊಲೆ ಯಾವ ಮರದ್ದು ಅಂತ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಹಗೇವಿಗೆ ಮಾತ್ರ ಸುಮ್ನೆ ಇಳಿಯಬೇಡಿ. ಒಳಗೆ ಗಾಳಿ ಕೆಟ್ಟಿರುತ್ತದೆ. ಹಿಂದೆ ಮೊದಲು ದೀಪ ಇಳಿಸಿ, ಅದು ಆರಿದರೆ ಹಿಂದೆ ಸರಿಯುತ್ತಿದ್ದರು. ದೀಪ ಉರಿದರೂ ಅಪಾಯವಿಲ್ಲ ಅಂತಲ್ಲ, ಮೇಲಿಂದಲೇ ಹಗ್ಗ ಬಿಟ್ಟು ಅಳೆಯಿರಿ.

ಬಿರುಕು ಕಂಡಿತು ಅಂತ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ಅದು ತೇವವನ್ನು ಒಳಗೇ ಕೂಡಿಟ್ಟು ಮಣ್ಣನ್ನು ಕರಗಿಸುತ್ತದೆ. ಮಣ್ಣಿನ ಗಾರೆಯೋ ಸುಣ್ಣದ ಗಾರೆಯೋ ಸಾಕು. ಬಚ್ಚಲು, ಪಾಯಖಾನೆ ಬೇಕೇ ಬೇಕು, ಹಿತ್ತಲಲ್ಲಿ ಹೊಸದಾಗಿ ಕಟ್ಟಿಕೊಳ್ಳಿ. ಅದರಿಂದ ತಾತನಿಗೇನೂ ಬೇಸರವಾಗೋದಿಲ್ಲ.

ಇನ್ನು ಬಾವಿ ಬಗ್ಗೆ ಬರೀ ಒಂದೇ ಪದ ಬರೆದಿದ್ದೀರಿ. ಕಪಿಲೆ ಹೊಡೆಯುತ್ತಿದ್ದ, ಅಂದರೆ ಎತ್ತು ಕಟ್ಟಿ ನೀರೆತ್ತುತ್ತಿದ್ದ ಬಾವಿಯಾ? ಎತ್ತು ಇಳಿಯುತ್ತಿದ್ದ ಇಳಿಜಾರು ಇನ್ನೂ ಇದೆಯಾ? ಇದ್ದರೆ ಒಂದು ಫೋಟೋ ಕಳಿಸಿ.